ಐದು ಸೆಕೆಂಡಿಗೊಂದು ಸೂಜಿ: ಈಜಿಪ್ಟಿಗೆ ಹೆಪಟೈಟಿಸ್ ಸಿ ಅಂಟಿದ್ದು ಹೇಗೆ, ಬಿಟ್ಟಿದ್ದು ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ



ಇವತ್ತಿನ ಕಥೆ ಈಜಿಪ್ಟಿನದು. ಆದರೆ ಶುರುವಾಗೋದು ಹಾಸನ ಜಿಲ್ಲೆಯ ಒಂದು ಹಳ್ಳಿ ಮನೆಯ ಅಡುಗೆಮನೆಯಲ್ಲಿ, ಒಂದು ಸ್ಟೀಲ್ ಲೋಟದಿಂದ.

2021ರಲ್ಲಿ ನಮ್ಮ ದೊಡ್ಡಮ್ಮನಿಗೆ ಕಣ್ಣಿನ ಪೊರೆ ತೆಗೆಸಬೇಕಿತ್ತು. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡ್ತಾರಲ್ಲ, ಅದರ ರಿಪೋರ್ಟಲ್ಲಿ ಒಂದು ಸಾಲು: ಆ್ಯಂಟಿ ಎಚ್‌ಸಿವಿ, ರಿಯಾಕ್ಟಿವ್. ಅಂದರೆ ಹೆಪಟೈಟಿಸ್ ಸಿ ಇರಬಹುದು ಅಂತ. ಮನೆಯಲ್ಲಿ ಯಾರಿಗೂ ಏನೂ ಅರ್ಥ ಆಗಲಿಲ್ಲ. ಒಬ್ಬರು ಇದು ಕಾಮಾಲೆ ಅಂದ್ರು. ಇನ್ನೊಬ್ಬರು ಏಡ್ಸ್ ಥರದ್ದಂತೆ ಅಂದ್ರು. ಮೂರನೆಯವರೊಬ್ಬರು ದನಿ ತಗ್ಗಿಸಿ, "ಈ ವಯಸ್ಸಲ್ಲಿ ಇವಳಿಗೆ ಇದು ಹೆಂಗ್ ಬಂತು?" ಅಂದ್ರು. ಆ ಪ್ರಶ್ನೆಯೊಳಗೆ ಏನಿತ್ತು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಿಲ್ಲ.

ನಾನು ಬಿ.ಕಾಂ. ಮಾಡಿದವನು. ಮನೆಯಲ್ಲಿ ನಾನೇ ಓದಿದವನು ಅಂತ ಲೆಕ್ಕ. ಆ ಓದಿದವನು ಏನು ಮಾಡಿದ ಗೊತ್ತಾ? ದೊಡ್ಡಮ್ಮನ ತಟ್ಟೆ, ಲೋಟ ಬೇರೆ ಇಡೋಣ ಅಂದ. ಗುರುತಿಗೆ ಇರಲಿ ಅಂತ ತಂಗಿಯ ಕೆಂಪು ನೇಲ್ ಪಾಲಿಷ್ ತಗೊಂಡು ಲೋಟದ ತಳಕ್ಕೆ ಒಂದು ಚುಕ್ಕಿ ಇಟ್ಟ. ಮರುದಿನ ಬೆಳಗ್ಗೆ ಕಾಫಿ ಹೊತ್ತಿಗೆ ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ನನ್ ಲೋಟ ಯಾವ್ದು ಮಗಾ?" ಅಂದ್ರು. ಮೂವತ್ತೈದು ವರ್ಷ ಆ ಮನೆಗೆ ಕಾಫಿ ಕಾಸಿಕೊಟ್ಟವರು ಅವರು.

ಆ ಚುಕ್ಕಿ ತಪ್ಪು ಅಂತ ನನಗೆ ಗೊತ್ತಾಗೋಕೆ ಎರಡು ವಾರ ಬೇಕಾಯ್ತು. ಆಮೇಲೆ ಈ ರೋಗದ ಬಗ್ಗೆ ಓದ್ತಾ ಓದ್ತಾ ನಾನು ಹೋಗಿ ನಿಂತಿದ್ದು ನೈಲ್ ನದಿ ದಡದಲ್ಲಿ. ಬನ್ನಿ, ಅಲ್ಲಿಗೆ ಹೋಗೋಣ.

ನಾಲೆ, ಬಸವನಹುಳು, ರಕ್ತ

ಈಜಿಪ್ಟ್ ಅಂದ್ರೆ ನಮಗೆ ಪಿರಮಿಡ್, ಮಮ್ಮಿ. ಆ ಮಮ್ಮಿಗಳ ಒಳಗೇ ನಮ್ಮ ಕಥೆಯ ಮೊದಲ ಸುಳಿವು ಇದೆ. 1910ರಲ್ಲಿ ಮಾರ್ಕ್ ಅರ್ಮಾಂಡ್ ರಫರ್ ಅನ್ನೋ ವೈದ್ಯ ಮೂರು ಸಾವಿರ ವರ್ಷ ಹಳೆಯ ಮಮ್ಮಿಗಳ ಮೂತ್ರಪಿಂಡದಲ್ಲಿ ಒಂದು ಹುಳುವಿನ ಮೊಟ್ಟೆಗಳನ್ನು ಕಂಡರು. ಆ ಹುಳುವನ್ನು ಅದಕ್ಕೂ ಮುಂಚೆ, 1851ರಲ್ಲಿ, ಕೈರೋದ ಆಸ್ಪತ್ರೆಯೊಂದರಲ್ಲಿ ಪತ್ತೆ ಮಾಡಿದವರು ಜರ್ಮನಿಯ ವೈದ್ಯ ಥಿಯೋಡೋರ್ ಬಿಲ್ಹಾರ್ಜ್. ಅದಕ್ಕೇ ಆ ರೋಗಕ್ಕೆ ಬಿಲ್ಹಾರ್ಜಿಯಾ ಅಂತ ಹೆಸರು. ಪುಸ್ತಕದ ಹೆಸರು ಶಿಸ್ಟೊಸೋಮಿಯಾಸಿಸ್.

ಇದರ ದಾರಿ ಹೀಗಿದೆ. ಸಿಹಿನೀರಿನ ನಾಲೆಯಲ್ಲಿ ಒಂದು ಜಾತಿಯ ಬಸವನಹುಳು ಇರುತ್ತೆ. ಅದರ ಮೈಯಿಂದ ಹೊರಬರುವ ಸಣ್ಣ ಮರಿಹುಳುಗಳು ನೀರಿಗೆ ಇಳಿದವರ ಚರ್ಮ ತೂರಿ ಒಳಗೆ ಸೇರ್ತವೆ. ಗದ್ದೆಗೆ ನೀರು ಕಟ್ಟೋ ರೈತ, ಬಟ್ಟೆ ಒಗೆಯೋ ಹೆಂಗಸು, ಮಧ್ಯಾಹ್ನ ಈಜಾಡೋ ಹುಡುಗರು, ಯಾರೂ ಇದಕ್ಕೆ ಹೊರತಲ್ಲ. ಆಮೇಲೆ ಮೂತ್ರದಲ್ಲಿ ರಕ್ತ, ನಿಶ್ಶಕ್ತಿ. ವರ್ಷಗಳು ಕಳೆದಂತೆ ಮೂತ್ರಕೋಶ ಅಥವಾ ಲಿವರ್ ಹಾಳಾಗ್ತಾ ಬರುತ್ತೆ. ಕೆಲವು ಕಡೆ ಇದು ಎಷ್ಟು ಸಾಮಾನ್ಯವಾಗಿತ್ತು ಅಂದ್ರೆ, ಹುಡುಗರ ಮೂತ್ರದಲ್ಲಿ ರಕ್ತ ಬಂದರೆ ಅದು ದೊಡ್ಡವರಾಗೋ ಲಕ್ಷಣ ಅಂತ ತಿಳ್ಕೊಂಡಿದ್ರಂತೆ.

1902ರಲ್ಲಿ ಅಸ್ವಾನ್‌ನಲ್ಲಿ ಮೊದಲ ಅಣೆಕಟ್ಟು ಬಂತು. ವರ್ಷಕ್ಕೊಮ್ಮೆ ಪ್ರವಾಹ ಬಂದು ಇಳಿದುಹೋಗ್ತಿದ್ದ ಜಾಗದಲ್ಲಿ ವರ್ಷಪೂರ್ತಿ ನಾಲೆ ನೀರು. ಬೆಳೆ ಹೆಚ್ಚಾಯ್ತು, ಬಸವನಹುಳುವೂ ಹೆಚ್ಚಾಯ್ತು. ನೈಲ್ ನದಿ ಸಮುದ್ರ ಸೇರೋ ಡೆಲ್ಟಾ ಪ್ರದೇಶದ ಎಷ್ಟೋ ಹಳ್ಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ರೋಗ. ಅರಬ್ ಜಗತ್ತಿನ ದೊಡ್ಡ ಗಾಯಕ ಅಬ್ದೆಲ್ ಹಲೀಂ ಹಾಫೆಜ್ ಕೂಡ ಚಿಕ್ಕಂದಿನಲ್ಲಿ ಇದನ್ನು ಅಂಟಿಸಿಕೊಂಡವರು. ಜೀವನಪೂರ್ತಿ ನರಳಿ, 1977ರಲ್ಲಿ ಲಂಡನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ ಬರೀ 47 ವರ್ಷ.

ಅಂದ್ರೆ ಸರ್ಕಾರ ಕೈಕಟ್ಟಿ ಕೂರೋ ಹಾಗಿರಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ಆಗೋ ಅನಾಹುತ ಒಳ್ಳೆ ಕೆಲಸ ಮಾಡೋಕೆ ಹೋಗಿ ಆದದ್ದು.

504 ಜನ, 40 ನಿಮಿಷ

1918ರಲ್ಲಿ ಸುಡಾನ್‌ನ ಖಾರ್ಟೂಮ್‌ನಲ್ಲಿದ್ದ ಕ್ರಿಸ್ಟೋಫರ್ಸನ್ ಅನ್ನೋ ವೈದ್ಯ, ಈ ಹುಳುವಿಗೆ ಟಾರ್ಟಾರ್ ಎಮೆಟಿಕ್ ಅನ್ನೋ ಔಷಧ ಕೆಲಸ ಮಾಡುತ್ತೆ ಅಂತ ತೋರಿಸಿದ್ರು. ಇದು ಆಂಟಿಮನಿ ಇರೋ ಉಪ್ಪು. ಎಮೆಟಿಕ್ ಅಂದ್ರೇನೇ ವಾಂತಿ ಬರಿಸೋದು. ಹೊಟ್ಟೆಗೆ ಕೊಟ್ಟರೆ ಉಳಿಯಲ್ಲ, ಹಾಗಾಗಿ ನೇರ ರಕ್ತನಾಳಕ್ಕೇ ಇಂಜೆಕ್ಷನ್. ಒಂದು ಸಲ ಅಲ್ಲ, ಹತ್ತು ಹದಿನೈದು ಸಲ, ಸಾಮಾನ್ಯವಾಗಿ ವಾರಕ್ಕೊಂದರಂತೆ.

1950ರ ದಶಕದಿಂದ ಈಜಿಪ್ಟ್ ಸರ್ಕಾರ ಇದನ್ನು ದೊಡ್ಡ ಆಂದೋಲನವಾಗಿ ಮಾಡ್ತು. 1960ರ ದಶಕದಲ್ಲಿ ವರ್ಷಕ್ಕೆ ಸುಮಾರು 2.5 ಲಕ್ಷ ಜನರಿಗೆ, 20 ಲಕ್ಷಕ್ಕೂ ಹೆಚ್ಚು ಇಂಜೆಕ್ಷನ್. ಆಗ ಬಳಸಿ ಬಿಸಾಡೋ ಪ್ಲಾಸ್ಟಿಕ್ ಸಿರಿಂಜ್ ಇರಲಿಲ್ಲ. ಗಾಜಿನ ಸಿರಿಂಜ್, ಉಕ್ಕಿನ ಸೂಜಿ. ತೊಳೆಯೋದು, ಕುದಿಸೋದು, ಮತ್ತೆ ಬಳಸೋದು.

ಆ ಕಾಲದಲ್ಲಿ ಅಲ್ಲಿಗೆ ಹೋಗಿ ನೋಡಿದ ತಜ್ಞರೊಬ್ಬರ ವಿವರಣೆ ಇದೆ. ತುಂಬಾ ಕೈಚಳಕದ ವೈದ್ಯರೊಬ್ಬರು ಬೆಳಗ್ಗೆ 9.20ಕ್ಕೆ ಶುರು ಮಾಡಿ 10.10ರ ಹೊತ್ತಿಗೆ 504 ಜನರಿಗೆ ಸೂಜಿ ಹಾಕಿ ಮುಗಿಸಿದ್ರು. ಅದರಲ್ಲಿ ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಇದ್ರು. ಮಧ್ಯೆ 10 ನಿಮಿಷ ಸುಧಾರಿಸಿಕೊಂಡಿದ್ದು ಬಿಟ್ಟರೆ ಉಳಿದದ್ದು 40 ನಿಮಿಷ. ಲೆಕ್ಕ ಹಾಕಿ: ಒಬ್ಬರಿಗೆ ಐದು ಸೆಕೆಂಡಿಗೂ ಕಡಿಮೆ. ಪಕ್ಕದಲ್ಲಿ ನರ್ಸ್ ಬಳಸಿದ ಸಿರಿಂಜ್ ತೊಳೆದು, ಒಂದೆರಡು ನಿಮಿಷ ಕುದಿಸಿ, ಮತ್ತೆ ಮುಂದಿಡ್ತಿದ್ರು.

ಒಂದೆರಡು ನಿಮಿಷ ಕುದಿಸಿದ್ರೆ ಸಾಕಾಗಲ್ಲ. ರಕ್ತನಾಳಕ್ಕೆ ಕೊಡೋ ಇಂಜೆಕ್ಷನ್‌ನಲ್ಲಿ ಸ್ವಲ್ಪ ರಕ್ತ ಸಿರಿಂಜ್ ಒಳಕ್ಕೆ ಬಂದೇ ಬರುತ್ತೆ. ಕಣ್ಣಿಗೆ ಕಾಣದಷ್ಟು ಇದ್ದರೂ ವೈರಸ್‌ಗೆ ಅಷ್ಟು ಸಾಕು. ಸಿರಿಂಜ್ ಒಳಗೆ ಉಳಿದ ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ ವಾರಗಟ್ಟಲೆ ಬದುಕಬಲ್ಲದು ಅಂತ ಆಮೇಲೆ ಪ್ರಯೋಗಾಲಯದಲ್ಲಿ ಗೊತ್ತಾಯ್ತು. ಸಾಲಿನಲ್ಲಿ ಒಬ್ಬರಿಗೆ ವೈರಸ್ ಇದ್ದರೆ ಹಿಂದೆ ನಿಂತವರಿಗೆ ದಾಟೋ ಅವಕಾಶ. ಒಬ್ಬೊಬ್ಬರೂ ಆ ಸಾಲಿನಲ್ಲಿ ಹತ್ತು ಹದಿನೈದು ಸಲ ನಿಂತವರು.

ಹಾಗಾದ್ರೆ ಅವರಿಗೆ ಗೊತ್ತಿರಲಿಲ್ವಾ? ಅರ್ಧ ಗೊತ್ತಿತ್ತು, ಅರ್ಧ ಇಲ್ಲ. ರಕ್ತದಿಂದ ಕಾಮಾಲೆ ಹರಡುತ್ತೆ ಅನ್ನೋದು 1940ರ ದಶಕಕ್ಕೇ ಗೊತ್ತಿತ್ತು. 1942ರಲ್ಲಿ ಅಮೆರಿಕದ ಸೈನ್ಯಕ್ಕೆ ಕೊಟ್ಟ ಹಳದಿ ಜ್ವರದ ಲಸಿಕೆಯಲ್ಲಿ ಮನುಷ್ಯರ ರಕ್ತದ ಸೀರಂ ಸೇರಿತ್ತು. ಅದರಿಂದ ಸಾವಿರಾರು ಸೈನಿಕರಿಗೆ ಕಾಮಾಲೆ ಆಗಿತ್ತು. ಆದರೆ ಹೆಪಟೈಟಿಸ್ ಸಿ ಅನ್ನೋ ವೈರಸ್ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಎ ಮತ್ತು ಬಿ ಎರಡಕ್ಕೂ ಪರೀಕ್ಷೆ ಸಿಕ್ಕ ಮೇಲೂ, ರಕ್ತ ಪಡೆದ ಕೆಲವರಿಗೆ ಲಿವರ್ ಊತ ಬರ್ತಾನೇ ಇತ್ತು. ಅದಕ್ಕೆ "ಎ ಅಲ್ಲದ, ಬಿ ಅಲ್ಲದ" ಹೆಪಟೈಟಿಸ್ ಅಂತ ಹೆಸರಿಟ್ಟರು. ಕೊನೆಗೆ ವೈರಸ್ ಸಿಕ್ಕಿದ್ದು 1989ರಲ್ಲಿ. ಆ ಹುಡುಕಾಟಕ್ಕೆ ಹಾರ್ವಿ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಬಂತು.

1980ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಅನ್ನೋ ಮಾತ್ರೆ ಬಂದು ಇಂಜೆಕ್ಷನ್ ನಿಂತಿತು. ಬಿಲ್ಹಾರ್ಜಿಯಾ ಇಳೀತಾ ಬಂತು. ಆಂದೋಲನ ಗೆದ್ದಿತು ಅಂತಲೇ ಎಲ್ಲರೂ ಅಂದುಕೊಂಡ್ರು.

ಬಿಲ್ಲು ತಡವಾಗಿ ಬಂತು

ಹೆಪಟೈಟಿಸ್ ಸಿ ಸದ್ದು ಮಾಡದ ರೋಗ. ವೈರಸ್ ಒಳಗೆ ಹೋದವರಲ್ಲಿ ಹೆಚ್ಚಿನವರಿಗೆ ಏನೂ ಗೊತ್ತಾಗಲ್ಲ. ನೂರಕ್ಕೆ 15ರಿಂದ 45 ಜನರಲ್ಲಿ ದೇಹವೇ ಆರು ತಿಂಗಳೊಳಗೆ ವೈರಸ್‌ನ ಓಡಿಸುತ್ತೆ. ಉಳಿದವರಲ್ಲಿ ಅದು ಲಿವರ್‌ನಲ್ಲಿ ಬೀಡುಬಿಡುತ್ತೆ. ಹಾಗೆ ಉಳಿದುಕೊಂಡವರಲ್ಲಿ ನೂರಕ್ಕೆ 15ರಿಂದ 30 ಜನರಿಗೆ 20 ವರ್ಷದೊಳಗೆ ಸಿರೋಸಿಸ್ ಬರೋ ಅಪಾಯ, ಅಂದ್ರೆ ಲಿವರ್ ಗಟ್ಟಿಯಾಗಿ ಗಾಯದ ಕಲೆಯಂತಾಗೋದು. ಕೆಲವರಿಗೆ ಕ್ಯಾನ್ಸರ್. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಖರ್ಚು ಇವತ್ತು, ಬಿಲ್ಲು ಬರೋದು ಇಪ್ಪತ್ತು ವರ್ಷ ಬಿಟ್ಟು.

ಈಜಿಪ್ಟಿಗೆ ಬಿಲ್ಲು ಬಂದಿದ್ದು 1990ರ ದಶಕದಲ್ಲಿ. ರಕ್ತದಾನಿಗಳನ್ನು ಪರೀಕ್ಷೆ ಮಾಡಿದ್ರೆ ಜಗತ್ತಿನಲ್ಲೆಲ್ಲೂ ಇಲ್ಲದಷ್ಟು ಹೆಪಟೈಟಿಸ್ ಸಿ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಹಳೇ ಇಂಜೆಕ್ಷನ್ ದಾಖಲೆಗಳನ್ನೂ ಈಗಿನ ರೋಗದ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟಿತು. ಯಾವ ಪ್ರದೇಶದಲ್ಲಿ, ಯಾವ ವಯಸ್ಸಿನವರಿಗೆ ಹೆಚ್ಚು ಇಂಜೆಕ್ಷನ್ ಕೊಟ್ಟಿದ್ರೋ ಅಲ್ಲೇ ವೈರಸ್ ಹೆಚ್ಚು. ಡೆಲ್ಟಾ ಹಳ್ಳಿಗಳಲ್ಲಿ ಜಾಸ್ತಿ, ಕೈರೋ ಮತ್ತು ಅಲೆಕ್ಸಾಂಡ್ರಿಯಾ ನಗರಗಳಲ್ಲಿ ಕಡಿಮೆ. 2008ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 59 ವರ್ಷದವರಲ್ಲಿ ನೂರಕ್ಕೆ ಸುಮಾರು 15 ಜನರ ರಕ್ತದಲ್ಲಿ ಈ ವೈರಸ್ ಬಂದುಹೋದ ಗುರುತಿತ್ತು.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಇಂಜೆಕ್ಷನ್ ನಿಂತಿದ್ದು 1980ರ ದಶಕದಲ್ಲಿ ಅಂದ್ರೆ, ಆಮೇಲೆ ಹುಟ್ಟಿದವರಿಗೆ ಹೇಗೆ ಬಂತು? ಉತ್ತರ ಸರಳ. ಆಂದೋಲನ ವೈರಸ್‌ನ ಊರಿಗೆ ತಂದುಬಿಟ್ಟಿತ್ತು. ಊರಲ್ಲಿ ಅಷ್ಟು ಜನರ ರಕ್ತದಲ್ಲಿ ಅದು ಇದ್ದಾಗ, ಚಿಕ್ಕ ಚಿಕ್ಕ ಅಜಾಗರೂಕತೆಯೂ ದೊಡ್ಡ ಬಾಗಿಲಾಗುತ್ತೆ. ಹಲ್ಲಿನ ಡಾಕ್ಟರ ಸರಿಯಾಗಿ ಶುದ್ಧ ಮಾಡದ ಇಕ್ಕಳ, ಕ್ಲಿನಿಕ್‌ನಲ್ಲಿ ಮತ್ತೆ ಬಳಸಿದ ಸಿರಿಂಜ್, ಪರೀಕ್ಷೆ ಮಾಡದ ರಕ್ತ, ಡಯಾಲಿಸಿಸ್ ಯಂತ್ರ, ಕ್ಷೌರದ ಬ್ಲೇಡ್. ಒಂದು ಸಮುದಾಯದಲ್ಲಿ ಈ ರೋಗ ನಿಲ್ಲೋದೇ ಹೀಗೆ. ಯಾರದೋ ಒಬ್ಬರ ನಡತೆಗಿಂತ, ಸುತ್ತ ಇರೋ ಸೂಜಿಗಳು ಎಷ್ಟು ಶುದ್ಧ ಅನ್ನೋದರ ಮೇಲೆ.

ನಮ್ಮ ಕಡೆ ಲೆಕ್ಕ

ಈಗ ವಾಪಸ್ ನಮ್ಮ ಕಡೆ ಬರೋಣ. ನಮ್ಮಲ್ಲಿ ಅಂಥ ಆಂದೋಲನ ಆಗಿಲ್ಲ, ಈಜಿಪ್ಟಿನಷ್ಟು ರೋಗವೂ ಇಲ್ಲ. ಆದರೆ ಜನಸಂಖ್ಯೆ ದೊಡ್ಡದಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇತ್ತು.

"ಒಂದ್ ಸೂಜಿ ಹಾಕ್ಬುಡಿ ಡಾಕ್ಟ್ರೇ" ಅನ್ನೋದು ನಮ್ಮ ಅಜ್ಜ ಅಜ್ಜಿ ಕಾಲದ ಮಾತು ಅಂದುಕೊಳ್ಳಬೇಡಿ, ಈಗಲೂ ಇದೆ. ಮಾತ್ರೆ ಕೊಟ್ಟ ಡಾಕ್ಟ್ರು ಸಾಧಾರಣ, ಸೂಜಿ ಹಾಕಿದ ಡಾಕ್ಟ್ರು ಗಟ್ಟಿ. ದೊಡ್ಡಮ್ಮ ಹೇಳ್ತಿದ್ರು, ಅವರು ಚಿಕ್ಕವರಿದ್ದಾಗ ಊರಿಗೆ ಸೈಕಲ್ ಮೇಲೆ ಒಬ್ಬರು ಬರ್ತಿದ್ರಂತೆ. ಸ್ಟೀಲ್ ಡಬ್ಬಿಯಲ್ಲಿ ಗಾಜಿನ ಸಿರಿಂಜು, ಒಂದೇ ಒಂದು. ಜಗಲಿ ಮೇಲೆ ಕೂತು ಜ್ವರದವರಿಗೆಲ್ಲ ಸಾಲಾಗಿ ಹಾಕಿ, ಬಿಸಿನೀರಲ್ಲಿ ಅದ್ದಿ, ಡಬ್ಬಿ ಮುಚ್ಚಿಕೊಂಡು ಮುಂದಿನ ಊರಿಗೆ. ಅದೂ ಅಲ್ಲದೆ, 1988ರಲ್ಲಿ ನಮ್ಮ ಅಣ್ಣ ಹುಟ್ಟಿದಾಗ ದೊಡ್ಡಮ್ಮನಿಗೆ ಎರಡು ಬಾಟ್ಲಿ ರಕ್ತ ಹಾಕಿದ್ರು. ಆಗಿನ್ನೂ ವೈರಸ್‌ಗೆ ಹೆಸರೇ ಇರಲಿಲ್ಲ. ಭಾರತದಲ್ಲಿ ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ ಆಗಿದ್ದೇ 2001ರಲ್ಲಿ. ಅದಕ್ಕೆ ಮುಂಚೆ ದುಡ್ಡಿಗೆ ರಕ್ತ ಮಾರೋರೂ ಇದ್ರು. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 1998ರಿಂದ ಅದು ನಿಷೇಧ ಆಯ್ತು.

ಸೈಕಲ್ ಮೇಲೆ ಬಂದ ಸಿರಿಂಜಾ, ಹೆರಿಗೆ ಹೊತ್ತಿನ ರಕ್ತವಾ? ಯಾರೂ ಹೇಳೋಕಾಗಲ್ಲ. ಆದರೆ "ಇವಳಿಗೆ ಹೆಂಗ್ ಬಂತು" ಅನ್ನೋ ಪ್ರಶ್ನೆಗೆ ಉತ್ತರ ಇಂಥ ಕಡೆ ಹುಡುಕಬೇಕಿತ್ತು. ನಾವು ಅವರ ಮುಖದಲ್ಲಿ ಹುಡುಕಿದ್ವಿ.

ಹಾಗಾಗಿ ನಿಧಾನವಾಗಿ ಕೇಳಿಸಿಕೊಳ್ಳಿ. ಇದು ರಕ್ತದಿಂದ ರಕ್ತಕ್ಕೆ ಹರಡೋ ವೈರಸ್. 2001ಕ್ಕೆ ಮುಂಚೆ ರಕ್ತ ಪಡೆದವರು, ಹಲವು ಸಲ ರಕ್ತ ಹಾಕಿಸಿಕೊಳ್ಳಬೇಕಾದ ತಲಸೇಮಿಯಾ, ಹಿಮೋಫಿಲಿಯಾ ಇರೋರು, ಡಯಾಲಿಸಿಸ್‌ನಲ್ಲಿ ಇರೋರು, ಮತ್ತೆ ಬಳಸಿದ ಸೂಜಿಯಿಂದ ಇಂಜೆಕ್ಷನ್ ತಗೊಂಡವರು, ಕೆಲಸದಲ್ಲಿ ಸೂಜಿ ಚುಚ್ಚಿಸಿಕೊಂಡ ಆಸ್ಪತ್ರೆ ಸಿಬ್ಬಂದಿ, ಇವರಿಗೆಲ್ಲ ಅಪಾಯ ಹೆಚ್ಚು. ಡ್ರಗ್ಸ್ ಚುಚ್ಚಿಕೊಳ್ಳೋರು ಸಿರಿಂಜ್ ಹಂಚಿಕೊಂಡ್ರೆ ಅಪಾಯ ತುಂಬಾ ಜಾಸ್ತಿ. ಪಂಜಾಬ್, ಮಣಿಪುರ, ಮಿಜೋರಾಂಗಳಲ್ಲಿ ಇದು ದೊಡ್ಡ ಸಮಸ್ಯೆ. ತಾಯಿಯಿಂದ ಮಗುವಿಗೆ ಹೋಗಬಹುದು, ಆದರೆ ಹಾಗಾಗೋದು ನೂರಕ್ಕೆ ಐದಾರು ಸಲ. ಲೈಂಗಿಕ ಸಂಪರ್ಕದಿಂದಲೂ ಸಾಧ್ಯ, ಆದರೆ ಅಷ್ಟು ಸುಲಭವಾಗಿ ಅಲ್ಲ. ಇನ್ನು ನಮ್ಮ ವಯಸ್ಸಿನವರಿಗೆ: ಟ್ಯಾಟೂ. ಜಾತ್ರೆಯಲ್ಲಿ, ಬೀಚಲ್ಲಿ, ಕಡಿಮೆ ರೇಟಿಗೆ ಹಾಕಿಸಿಕೊಳ್ಳೋ ಮುಂಚೆ ಸೂಜಿ ಹೊಸದಾ, ಪ್ಯಾಕೆಟ್ ನಿಮ್ಮ ಎದುರೇ ಒಡೆದ್ರಾ ಅಂತ ನೋಡಿ. ಇಂಕ್ ಬಟ್ಟಲೂ ಹೊಸದಿರಬೇಕು. ರೇಜರ್, ಟೂತ್‌ಬ್ರಷ್ ಯಾರ ಜೊತೆಗೂ ಹಂಚಿಕೊಳ್ಳಬೇಡಿ.

ಹರಡದೇ ಇರೋದು ಯಾವುದರಿಂದ? ಜೊತೆಗೆ ಊಟ ಮಾಡೋದರಿಂದ ಹರಡಲ್ಲ. ಕೆಮ್ಮಿಂದ, ಅಪ್ಪಿಕೊಳ್ಳೋದರಿಂದ, ಎದೆಹಾಲಿನಿಂದ ಹರಡಲ್ಲ. ತಟ್ಟೆಯಿಂದ ಹರಡಲ್ಲ. ಲೋಟದಿಂದ ಹರಡಲ್ಲ.

ಒಂದು ಮಾತ್ರೆಗೆ ಸಾವಿರ ಡಾಲರ್

ಕಥೆಯ ಕೊನೇ ಭಾಗ ನನಗೆ ಇಷ್ಟವಾದದ್ದು. ಇಲ್ಲಿ ಲೆಕ್ಕ ಇದೆ.

ಹೆಪಟೈಟಿಸ್ ಸಿಗೆ ಲಸಿಕೆ ಇವತ್ತಿಗೂ ಇಲ್ಲ. ಮುಂಚೆ ಇದ್ದ ಚಿಕಿತ್ಸೆ ಅಂದ್ರೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಇಂಜೆಕ್ಷನ್, ಜ್ವರ, ಸುಸ್ತು. ಅಷ್ಟೆಲ್ಲ ಆದ್ರೂ ವಾಸಿ ಗ್ಯಾರಂಟಿ ಇಲ್ಲ. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಅನ್ನೋ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. 12 ವಾರ, ದಿನಕ್ಕೊಂದು. ಬೆಲೆ? ಒಂದು ಮಾತ್ರೆಗೆ ಸಾವಿರ ಡಾಲರ್. ಪೂರ್ತಿ ಕೋರ್ಸಿಗೆ 84,000 ಡಾಲರ್, ಆಗಿನ ಲೆಕ್ಕದಲ್ಲಿ ಅರ್ಧ ಕೋಟಿ ರೂಪಾಯಿ.

ಈಜಿಪ್ಟ್ ಕಂಪನಿ ಜೊತೆ ಚೌಕಾಶಿಗೆ ಕೂತಿತು. ನಮ್ಮಲ್ಲಿ ಲಕ್ಷಾಂತರ ರೋಗಿಗಳಿದ್ದಾರೆ, ದರ ಇಳಿಸಿ ಅಂತ. 2014ರಲ್ಲಿ 12 ವಾರದ ಕೋರ್ಸ್ 900 ಡಾಲರ್‌ಗೆ ಇಳೀತು. ಅಮೆರಿಕದ ಬೆಲೆಯಲ್ಲಿ ನೂರಕ್ಕೆ ಒಂದು ಭಾಗ. ಆಮೇಲೆ ಅಲ್ಲಿನ ಕಂಪನಿಗಳೇ ಜೆನೆರಿಕ್ ಮಾತ್ರೆ ಮಾಡೋಕೆ ಶುರು ಮಾಡಿ ಬೆಲೆ ಇನ್ನೂ ಕುಸೀತು. ಅದೇ ಹೊತ್ತಿಗೆ ಭಾರತದ ಕಂಪನಿಗಳಿಗೂ ಲೈಸೆನ್ಸ್ ಸಿಕ್ಕಿತು. ಅದರಲ್ಲಿ ನಮ್ಮ ಬೆಂಗಳೂರಿನ ಸ್ಟ್ರೈಡ್ಸ್ ಇತ್ತು, ಸ್ವಲ್ಪ ಸಮಯದ ಮೇಲೆ ಬಯೋಕಾನ್ ಕೂಡ ಸೇರಿತು.

2018ರ ಅಕ್ಟೋಬರ್‌ನಲ್ಲಿ ಈಜಿಪ್ಟ್ "10 ಕೋಟಿ ಆರೋಗ್ಯವಂತರು" ಅನ್ನೋ ಆಂದೋಲನ ಶುರು ಮಾಡ್ತು. ಈ ಸಲವೂ ಜನ ಸಾಲಲ್ಲಿ ನಿಂತ್ರು. ಆದರೆ ಬೆರಳ ತುದಿಗೆ ಹೊಸ ಸೂಜಿ, ಒಂದು ಹನಿ ರಕ್ತ, ಅಷ್ಟೇ. ಏಳು ತಿಂಗಳಲ್ಲಿ 4 ಕೋಟಿ 96 ಲಕ್ಷ ಜನರ ಪರೀಕ್ಷೆ. ಸುಮಾರು 22 ಲಕ್ಷ ಜನರಲ್ಲಿ ಗುರುತು ಸಿಕ್ಕಿತು. ವೈರಸ್ ಇದ್ದವರಿಗೆ ಉಚಿತ ಮಾತ್ರೆ. ಒಬ್ಬ ರೋಗಿಯನ್ನು ಹುಡುಕಿ ವಾಸಿ ಮಾಡೋಕೆ ಆದ ಒಟ್ಟು ಖರ್ಚು ಸುಮಾರು 131 ಡಾಲರ್. 84,000 ಎಲ್ಲಿ, 131 ಎಲ್ಲಿ! 2023ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಹೆಪಟೈಟಿಸ್ ಸಿ ನಿರ್ಮೂಲನೆಯ ದಾರಿಯಲ್ಲಿ ಚಿನ್ನದ ಶ್ರೇಣಿ ತಲುಪಿದ ಮೊದಲ ದೇಶ ಈಜಿಪ್ಟ್ ಅಂತ ಘೋಷಿಸಿತು.

ಸರ್ಕಾರದ ಸೂಜಿಯಿಂದಲೇ ರೋಗ ಬಂದ ದೇಶದಲ್ಲಿ, ಮತ್ತೆ ಸರ್ಕಾರ ಕೈ ಚಾಚಿ ಅಂದಾಗ ಐದು ಕೋಟಿ ಜನ ಚಾಚಿದ್ರು. ನನಗೆ ಇದು ಚಿನ್ನದ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತೆ.

ಹಾಗಂತ ಸತ್ತವರು ವಾಪಸ್ ಬರಲ್ಲ. ಇಪ್ಪತ್ತು ಮೂವತ್ತು ವರ್ಷ ಸಿರೋಸಿಸ್‌ನಿಂದ, ಲಿವರ್ ಕ್ಯಾನ್ಸರ್‌ನಿಂದ ಹೋದವರ ಲೆಕ್ಕ ಯಾವ ಬ್ಯಾಲೆನ್ಸ್ ಶೀಟಲ್ಲೂ ಟ್ಯಾಲಿ ಆಗಲ್ಲ.

ನೀವು ಏನು ಮಾಡಬಹುದು

ನಮ್ಮಲ್ಲೂ 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದೆ. ಅದರಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ನೆನಪಿರಲಿ, ಮೊದಲ ಪರೀಕ್ಷೆ ರಿಯಾಕ್ಟಿವ್ ಬಂದ್ರೆ ವೈರಸ್ ಯಾವತ್ತೋ ಒಳಗೆ ಬಂದಿತ್ತು ಅಂತ ಮಾತ್ರ ಅರ್ಥ. ಈಗಲೂ ಇದೆಯಾ ಅಂತ ತಿಳಿಯೋಕೆ ಎರಡನೇ ಪರೀಕ್ಷೆ ಬೇಕು, ಆರ್‌ಎನ್‌ಎ ಪರೀಕ್ಷೆ. ಇದ್ದರೆ ಸಾಮಾನ್ಯವಾಗಿ 12 ವಾರ ಮಾತ್ರೆ. ನೂರಕ್ಕೆ 95ಕ್ಕೂ ಹೆಚ್ಚು ಜನರಿಗೆ ಪೂರ್ತಿ ವಾಸಿ.

ಈ ವಾರ ಮನೆಗೆ ಫೋನ್ ಮಾಡಿದಾಗ ಅಮ್ಮನ್ನೋ, ಅಪ್ಪನ್ನೋ, ಅಜ್ಜಿನೋ ಎರಡು ಮಾತು ಕೇಳಿ. 2001ಕ್ಕೆ ಮುಂಚೆ ರಕ್ತ ಹಾಕಿಸಿಕೊಂಡಿದ್ರಾ? ಗಾಜಿನ ಸಿರಿಂಜಿನ ಕಾಲದಲ್ಲಿ ತುಂಬಾ ಸೂಜಿ ಹಾಕಿಸಿಕೊಂಡಿದ್ರಾ? ಹೌದು ಅಂದ್ರೆ ಒಂದು ಸಲ ಪರೀಕ್ಷೆ ಮಾಡಿಸಿ.

ನಮ್ಮ ದೊಡ್ಡಮ್ಮ ಮಾತ್ರೆ ಮುಗಿಸಿದ್ರು. ಮೂರು ತಿಂಗಳು ಬಿಟ್ಟು ಮಾಡಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ನಾನು ಆ ಲೋಟದ ತಳ ಉಜ್ಜೋಕೆ ಕೂತೆ. ನೇಲ್ ಪಾಲಿಷ್ ಅಂಚಲ್ಲಿ ಸ್ವಲ್ಪ ಉಳಿದುಬಿಟ್ಟಿತು. ಬೇರೆ ಲೋಟ ತರ್ತೀನಿ ಬಿಡಿ ದೊಡ್ಡಮ್ಮ ಅಂದೆ. "ಇರ್ಲಿ ಬಿಡು, ತೂತ್ ಬಿದ್ದಿಲ್ವಲ್ಲ" ಅಂದು, ಅದಕ್ಕೇ ಕಾಫಿ ಬಗ್ಗಿಸಿ ನನ್ನ ಕೈಗೆ ಕೊಟ್ರು.

ಕುಡಿದೆ.